ಕಮಲಾಪುರದ ಎಕ್ಸ್‌ರೇ ಮತ್ತು ನನ್ನ ಕೋಡ್

ಗೆಳೆಯರೇ, ಇವತ್ತು ಕಮಲಾಪುರದ ಒಂದು ಸಣ್ಣ ದವಾಖಾನೆಯಲ್ಲಿ ನನ್ನಿಂದಾಗಿ ಒಬ್ಬರ ಕೆಲಸ ಹೋಗುವುದರಲ್ಲಿತ್ತು.

ಅಲ್ಲಿನ ಎಕ್ಸ್‌ರೇ ಚಿತ್ರಗಳನ್ನು ಡಿಸ್ಕಿಗೆ ಬರೆಯುವ ಡ್ರೈವರ್ ಪ್ರೋಗ್ರಾಂ ನನ್ನದು. ಪರದೆ ‘ಉಳಿಸಲಾಗಿದೆ’ ಎನ್ನುತ್ತಿತ್ತು, ತೆರೆದರೆ ಚಿತ್ರವೇ ಇಲ್ಲ. ಸೊಂಟ ಮುರಿದ ಅಜ್ಜಿಯೊಬ್ಬರನ್ನು ಎರಡು ಸಲ ಹೊರಳಿಸಿ ಎಕ್ಸ್‌ರೇ ತೆಗೆದಾಗಿತ್ತು. ಡಾಕ್ಟರು ಎಲ್ಲರೆದುರು ಸ್ಪೀಕರ್ ಹಾಕಿ ಫೋನ್ ಮಾಡಿದಾಗ ನಾನು ಕಲಬುರಗಿಯಲ್ಲಿ ಕೂತೇ, “ನಿಮ್ಮ ಟೆಕ್ನಿಷಿಯನ್ ಅಳಿಸಿರಬೇಕು ನೋಡ್ರಿ” ಎಂದುಬಿಟ್ಟೆ.

ಟೆಕ್ನಿಷಿಯನ್ ಮಹಾದೇವಿ ಫೋನ್ ಕಸಿದುಕೊಂಡರು. “ನಾ ಏನೂ ಅಳಿಸಿಲ್ರೀ ಮೇಡಂ. ಡಾಕ್ಟರು ಕೆಲಸದಿಂದ ತೆಗೀತೀನಿ ಅನ್ಲಕತ್ತಾರ. ಬಂದು ನೋಡಿ ಮಾತಾಡ್ರಿ.”

ಹೋದೆ. ಕಂಪ್ಯೂಟರು ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದು ಓದಿದೆ. ಬರೆಯಲು ಆಗುತ್ತಿಲ್ಲ ಎಂದು ಡಿಸ್ಕ್ ಪ್ರತಿ ಸಲವೂ ತಿಳಿಸಿತ್ತು. ಅದನ್ನು ನೋಡದೆ ‘ಕೆಲಸ ಮುಗಿಯಿತು’ ಎಂದು ಉತ್ತರ ಕಳಿಸುತ್ತಿದ್ದದ್ದು ನನ್ನ ಪ್ರೋಗ್ರಾಂನ ಕೋಡ್. ಪಕ್ಕದ ಕೋಣೆಯಲ್ಲಿ ಅಜ್ಜಿ ನರಳುತ್ತಿದ್ದರು.

ಕೋಡ್ ತಿದ್ದಿ, ಒಂದು ಹಳೆಯ ಚಿತ್ರ ಉಳಿಸಿ ನೋಡಿದೆ. ಪರದೆ ತುಂಬ ಕೆಂಪು ಅಕ್ಷರ: ‘ಬರೆಯಲಾಗಲಿಲ್ಲ’.

“ಈಗ ಪೂರಾನೇ ಕೆಡಿಸಿದ್ರೇನ್ರಿ?” ಡಾಕ್ಟರು ಕೂಗಿದರು.

“ಇಲ್ರೀ ಸರ್, ಪ್ರೋಗ್ರಾಂ ಈಗ ಖರೇ ಹೇಳ್ಲಕತ್ತದ. ಡಿಸ್ಕ್ ಕೆಟ್ಟದ. ಮಹಾದೇವಿಯವರದು ಏನೂ ತಪ್ಪಿಲ್ಲ, ತಪ್ಪು ನಂದು.”

ಬ್ಯಾಗಿನಲ್ಲಿ ತಂದಿದ್ದ ಹೊಸ ಡಿಸ್ಕ್ ಹಾಕಿದೆ. ಅಜ್ಜಿಯ ಮೂರನೆಯ ಎಕ್ಸ್‌ರೇ ಉಳಿಯಿತು.

ಹೊರಡುವಾಗ ಮಹಾದೇವಿ ಬಾಗಿಲಲ್ಲಿ ತಡೆದರು. “ನಾಕ್ ಮಂದಿ ಮುಂದ ನನ್ನ ಹೆಸರು ಕೆಡಿಸಿದ್ರಿ. ತಪ್ಪು ನಿಮ್ದು ಅಂತ ನಾಕ್ ಮಂದಿ ಮುಂದೇ ಹೇಳ್ರಿ ಮತ್ತ.”

ಈ ಗ್ರೂಪಿನಲ್ಲಿ ನಾನೂರು ಮಂದಿ ಇದ್ದೀರಿ. ಹೇಳಿದ್ದೇನೆ.