ಕುಕ್ಕರ್ ಸಾಬ್ರ ಪುದೀನ

ಶೆಟ್ಟಿಹಳ್ಳಿಯ ನಮ್ಮ ಹಿತ್ತಲ ಗೋಡೆಯ ಮೇಲೆ ಒಂಬತ್ತು ಪ್ರೆಶರ್ ಕುಕ್ಕರ್‌ಗಳು ಸಾಲಾಗಿ ಕೂತಿದ್ದವು. ಕೆಲವಕ್ಕೆ ಹಿಡಿ ಇರಲಿಲ್ಲ, ಯಾವುದಕ್ಕೂ ಮುಚ್ಚಳ ಇರಲಿಲ್ಲ. ಎಂಟರಲ್ಲಿ ಪುದೀನ ಸೊಂಪಾಗಿ ಬೆಳೆದಿತ್ತು. ಒಂಬತ್ತನೆಯದರಲ್ಲಿ ಒಂದು ಬೆಕ್ಕು ಮಲಗಿರುತ್ತಿತ್ತು. ಕುಕ್ಕರ್ ರಿಪೇರಿಯ ಅಮೀರ್ ಜಾನ್ ಸಾಬ್ರು ತಮ್ಮ ಕೈಯಲ್ಲಿ ಬದುಕದೆ ಹೋದವಕ್ಕೆ ಕೊಡುತ್ತಿದ್ದ ಸದ್ಗತಿ ಅದು. ನನ್ನ ಮದುವೆಗೆ ಉಡುಗೊರೆಯಾಗಿ ಬಂದ ಐದು ಲೀಟರಿನದೂ ಆ ಸಾಲಿನಲ್ಲಿತ್ತು. ಗ್ಯಾಸ್ಕೆಟ್ ಬದಲಾಯಿಸಲು ಕೊಟ್ಟಿದ್ದೆ. "ಇದು ತಳಾನೇ ಹೋಗ್ಬುಟ್ಟೈತೆ ಟೀಚರಮ್ಮ" ಎಂದರು. ತಿಂಗಳೊಳಗೆ ಅದರಲ್ಲಿ ಎಲೆ ಚಿಗುರಿತು.

ಒಬ್ಬರೇ ಮಾಲೀಕರ ಎರಡು ಮನೆ, ಎರಡಕ್ಕೂ ಸೇರಿ ಒಂದು ಹಿತ್ತಲು. ಬಾಡಿಗೆ ಕಟ್ಟುವವರು ನಾನು ಮತ್ತು ಸಾಬ್ರು. ಆದರೆ ಹಿತ್ತಲಿನ ನಿಜವಾದ ಒಡೆಯರು ನನ್ನ ನಾಯಿ ರಾಜು ಮತ್ತು ಅವರ ಬೆಕ್ಕು. ಬೆಕ್ಕಿನ ಹೆಸರು ಮ್ಯಾನೇಜರ್. ಹಗಲೆಲ್ಲ ಮಲಗಿ, ಊಟದ ಹೊತ್ತಿಗೆ ಎದ್ದು, ಎಲ್ಲರ ಕೆಲಸವನ್ನೂ ಒಮ್ಮೆ ಮೂಸಿ ಹೋಗುತ್ತಿದ್ದುದರಿಂದ ಆ ಹೆಸರು.

ಮೊದಲು ಸಾಬ್ರು ಪುದೀನವನ್ನು ನೆಲದಲ್ಲೇ ಬೆಳೆದಿದ್ದರು. ರಾಜು ದಿನಕ್ಕೆ ಎರಡು ಹೊತ್ತು ತಪ್ಪದೆ ಅದರ ಮೇಲೆ ಕಾಲೆತ್ತುತ್ತಿದ್ದ. ಅಂಥ ಸಮಯಪಾಲನೆಯನ್ನು ನಾನು ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲೂ ಕಂಡಿಲ್ಲ. ಕ್ಷಮೆ ಕೇಳಲು ಹೋದರೆ ಸಾಬ್ರು ಗಿಡಗಳನ್ನೆಲ್ಲ ಕಿತ್ತು ಎಸೆಯುತ್ತಾ, "ಅದಕ್ಕೂ ಒಂದ್ ಜಾಗ ಬೇಕಲ್ವಾ" ಎಂದರು. ಮೂಲೆಯಲ್ಲಿ ರಾಜುವಿಗೆಂದೇ ಒಂದು ಕಲ್ಲು ನೆಟ್ಟರು. ಹೊಸ ಪುದೀನವನ್ನು ಕುಕ್ಕರ್‌ಗಳಲ್ಲಿ ಹಾಕಿ ಗೋಡೆಗೆ ಏರಿಸಿದರು. ಮ್ಯಾನೇಜರ್ ಅಲ್ಲಿಗೂ ಹತ್ತಿ ಎಲೆಗಳ ಮೇಲೇ ಸುರುಳಿ ಸುತ್ತಿ ಮಲಗಿತು. ಸಾಬ್ರು ಅದನ್ನೂ ಬೈಯಲಿಲ್ಲ. ಒಂದು ಕುಕ್ಕರ್ ಖಾಲಿ ಮಾಡಿ ಹಳೇ ಟವೆಲ್ ಹಾಸಿದರು, ಉಳಿದವಕ್ಕೆ ಸುತ್ತ ಪೊರಕೆ ಕಡ್ಡಿ ಚುಚ್ಚಿದರು.

"ಮ್ಯಾನೇಜರ್‌ಗೆ ಒಂದ್ ಸೀಟ್ ಕೊಟ್ಬುಟ್ರೆ ಬೇರೆಯೋರ ಸೀಟ್‌ಗೆ ಬರಲ್ಲ" ಎಂದರು.

ನಾಯಿಗೆ ಕಲ್ಲು, ಬೆಕ್ಕಿಗೆ ಟವೆಲ್. ನನಗೆ ಮಾತ್ರ ಒಂದು ಬೇರು ಕೊಡಲಿಲ್ಲ ಮಹಾನುಭಾವರು.

ನಾನು ಕೇಳಿದ್ದು ದೊಡ್ಡದೇನಲ್ಲ. ನೆಡಲು ಬೇರಿರುವ ಒಂದು ಕಡ್ಡಿ, ಅಷ್ಟೇ. ಪಲಾವ್ ಮಾಡಬೇಕಾದಾಗಲೆಲ್ಲ ಬಟ್ಟಲು ಹಿಡಿದು ಇನ್ನೊಬ್ಬರ ಬಾಗಿಲಿಗೆ ಹೋಗಲು ರಿಟೈರ್ಡ್ ಟೀಚರ್‌ಗೆ ಸಂಕೋಚವಾಗುವುದಿಲ್ಲವೇ? "ಎಲೆ ಎಷ್ಟಾದ್ರೂ ತಗೊಳ್ಳಿ, ಬೇರು ಮಾತ್ರ ಕೇಳ್ಬೇಡಿ" ಎನ್ನುತ್ತಿದ್ದರು. ಎಲೆಯೂ ಸುಮ್ಮನೆ ಸಿಗುತ್ತಿರಲಿಲ್ಲ. ಮೊದಲು ಕತ್ತರಿ ಹುಡುಕಬೇಕು, ಕತ್ತರಿ ಸಿಕ್ಕ ಮೇಲೆ ಕನ್ನಡಕ ಹುಡುಕಬೇಕು, ಅಷ್ಟರಲ್ಲಿ ಟೀ ಕುದಿಯಬೇಕು. ಒಂದು ಹಿಡಿ ಎಲೆಗೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಗುಬ್ಬಿ ಊರಲ್ಲಿರುವ ಮಗಳ ಮನೆ ಸುದ್ದಿ, ತೀರಿಹೋದ ಹೆಂಡತಿಯ ಬಿರಿಯಾನಿಯ ಸುದ್ದಿ, ಸ್ಟೀಲ್ ಕುಕ್ಕರ್ ಎಂಬ ಮಹಾಮೋಸದ ಸುದ್ದಿ ಎಲ್ಲ ಆಗುತ್ತಿತ್ತು.

ಪೇಟೆಯಿಂದ ತಂದ ಪುದೀನದ ಕಡ್ಡಿ ಚುಚ್ಚಿದರೂ ಸಾಕು, ಚಿಗುರುತ್ತದೆ ಎಂದು ಮೊಬೈಲಿನಲ್ಲಿ ಉಪದೇಶ ಮಾಡುವವರು ರಾಜುವನ್ನು ನೋಡಿಲ್ಲ. ಮೂರು ಸಲ ನೆಟ್ಟೆ, ಮೂರು ಸಲವೂ ಅಗೆದು ಹಾಕಿದ. ಕೊನೆಗೆ ಒಂದು ಶುಕ್ರವಾರ ಸಾಬ್ರು ನಮಾಜಿಗೆ ಹೋದ ಹೊತ್ತು ನೋಡಿ, ಗೋಡೆಯ ಮೇಲಿನ ಕುಕ್ಕರ್‌ನಿಂದ ಬೇರು ಸಮೇತ ಒಂದು ಹಿಡಿ ಕದ್ದೆ. ಕದಿಯಬಾರದೆಂದು ಎಷ್ಟೋ ಮಕ್ಕಳಿಗೆ ಕಲಿಸಿದ ಕೈಯೇ ಕಿತ್ತ ಜಾಗದ ಮಣ್ಣನ್ನೂ ಸಮ ಮಾಡಿತು. ನನ್ನಲ್ಲಿದ್ದ ಇನ್ನೊಂದು ಹಳೇ ಕುಕ್ಕರ್‌ನಲ್ಲಿ ನೆಟ್ಟು, ಅಡುಗೆಮನೆ ಕಿಟಕಿಯಲ್ಲಿಟ್ಟು, ಬೆಳಿಗ್ಗೆ ಸಂಜೆ ಧಾರಾಳವಾಗಿ ನೀರು ಹಾಕಿದೆ. ಹತ್ತು ದಿನಕ್ಕೆ ಕೊಳೆತು ನಾರಿತು. ವಾಸನೆ ಹಿಡಿದು ಸಾಬ್ರೇ ಬಂದರು. ಕುಕ್ಕರ್ ಎತ್ತಿ ತಳ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಕುಕ್ಕರ್ ತೂತಾದ್ರೆ ನನ್ನ ಹತ್ರ ಓಡ್ಬರ್ತೀರ ಟೀಚರಮ್ಮ. ತೂತು ಬೇಕಾದಾಗ ಮಾತ್ರ ಒಂದ್ ಮಾತು ಹೇಳಲ್ಲ."

ಕಳ್ಳತನದ ವಿಷಯ ಎತ್ತಲೇ ಇಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಕಳೆದ ವರ್ಷ ಮಂಡಿ ನೋವು ಹೆಚ್ಚಾಗಿ, ಅಂಗಡಿ ಮುಚ್ಚಿ, ಗುಬ್ಬಿಯ ಮಗಳ ಮನೆಗೆ ಹೊರಟರು. ಲಗೇಜ್ ಆಟೊಗೆ ಕುಕ್ಕರ್‌ಗಳು ಏರಿದವು, ಟವೆಲ್ ಸಮೇತ ಮ್ಯಾನೇಜರ್ ಕೂಡ ಏರಿತು. ಕೊನೆಗೆ ನನ್ನ ಮದುವೆಯ ಕುಕ್ಕರ್ ತಂದು ಕೈಗಿಟ್ಟರು. ತುಂಬ ಪುದೀನ, ಬೇರು ಸಮೇತ. ತಳದಲ್ಲಿ ಕೊರೆದ ತೂತುಗಳನ್ನು ಬೆರಳಿಟ್ಟು ತೋರಿಸಿದರು.

"ಈಗ ಮನಸ್ಸು ಬಂತಾ ಸಾಬ್ರೇ?" ಎಂದೆ, ಕೊಂಕಾಗಿಯೇ.

"ಅವತ್ತೇ ಕೊಟ್ಟಿದ್ರೆ ನೀವು ನಮ್ಮನೆ ಕಡೆ ಬರ್ತಿದ್ರಾ?"

ಕುಕ್ಕರ್ ಕಂಕುಳಲ್ಲಿಟ್ಟುಕೊಂಡು, ಆಟೊದೊಳಗೆ ಮ್ಯಾನೇಜರ್‌ನ ಟವೆಲ್ ಸರಿಮಾಡಿದೆ.

ಗುಬ್ಬಿ ಏನು ಕಾಶಿಯಲ್ಲ, ಬಸ್ ಹತ್ತಿದರೆ ಆಯಿತು. ಹೋಗಿ ಬರೋಣ ಎಂದುಕೊಳ್ಳುತ್ತಲೇ ಇದ್ದೆ. ರಂಜಾನ್‌ಗೆ ಮೊದಲೇ ಅವರ ಮಗಳ ಫೋನ್ ಬಂತು. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಆ ಹುಡುಗಿ ಕೊಟ್ಟ ಟೀ ಐದೇ ನಿಮಿಷಕ್ಕೆ ಬಂತು. ಅಷ್ಟು ಬೇಗ ಬಂದಿದ್ದಕ್ಕೇ ನನಗೆ ಅಳು ತಡೆಯಲಾಗಲಿಲ್ಲ.

ಈಗ ಸಾಬ್ರಿದ್ದ ಮನೆಗೆ ಬೇರೆ ಸಂಸಾರ ಬಂದಿದೆ, ಅದರಲ್ಲಿ ಕುಣಿಗಲ್ ಕಡೆಯ ಹೊಸ ಸೊಸೆಯೊಬ್ಬಳಿದ್ದಾಳೆ. ಹೋದ ವಾರ ಹಿತ್ತಲಲ್ಲಿ ನನ್ನ ಕುಕ್ಕರ್ ನೋಡುತ್ತಾ ನಿಂತು, "ಆಂಟಿ, ಬೇರು ಸಮೇತ ಒಂದ್ ಕಡ್ಡಿ ಕೊಡ್ತೀರಾ? ನಾನೂ ಹಾಕ್ಕೋತೀನಿ" ಎಂದಳು.

"ಎಲೆ ಎಷ್ಟಾದ್ರೂ ತಗೋಮ್ಮ" ಎಂದೆ. "ಒಳಗ್ ಬಾ, ಕೂತ್ಕೋ. ಕತ್ತರಿ ಎಲ್ಲಿಟ್ಟಿದೀನೋ ಹುಡುಕ್ಬೇಕು."

ಕತ್ತರಿ ಸೆರಗಿನ ಕೆಳಗೆ ನನ್ನ ಕೈಯಲ್ಲೇ ಇತ್ತು.