ಅವಳ ಕಿವಿಯ ಪೇಟಿ

ಮದುವೆ ಮನೆಗಳಲ್ಲಿ ಕೀಬೋರ್ಡ್ ಬಾರಿಸುವುದು ನನ್ನ ಕಸುಬು. ಕುಷ್ಟಗಿಯಲ್ಲಿ ಒಂದು, ಯಲಬುರ್ಗಾದಲ್ಲಿ ಇನ್ನೊಂದು ಮುಗಿಸಿ ಗಂಗಾವತಿಗೆ ಮರಳುವಷ್ಟರಲ್ಲಿ ಸಂಗೀತವೆಂದರೆ ವಾಕರಿಕೆ ಬಂದಿರುತ್ತದೆ. ಆ ವರ್ಷ ಮನೆಯಲ್ಲೂ ಅದೇ ಕೆಲಸ ಕಾದಿರುತ್ತಿತ್ತು.

ಹೆಂಡತಿ ಅಕ್ಕಿ ಗಿರಣಿಯ ಗದ್ದಲದಲ್ಲಿ ದುಡಿದು ದುಡಿದು ಕಿವಿ ಮಂದ ಮಾಡಿಕೊಂಡಿದ್ದಳು. ಕೊಪ್ಪಳಕ್ಕೆ ಹೋಗಿ ಕಿವಿಗೆ ಮಷಿನ್ ಹಾಕಿಸಿದೆವು. ಮಾತೇನೋ ತಿಳಿಯತೊಡಗಿತು. ಆದರೆ ಸೋಮವಾರದ ಭಜನೆಯಿಂದ ಅರ್ಧಕ್ಕೇ ಎದ್ದು ಬಂದಳು. ಅಲ್ಲಿ ಹಾರ್ಮೋನಿಯಂ ಪೇಟಿ ನನ್ನದು, ಮೊದಲ ಸೊಲ್ಲು ಅವಳದು.

"ಪೇಟಿ ದನಿ ತಗಡು ಬಡದಂಗ ಕೇಳಸ್ತೈತ್ರಿ. ಇನ್ನ ನಾ ಹಾಡೂದಿಲ್ಲ," ಎಂದಳು. ನನಗೆ ಭಾರಿ ಸಂಕಟವಾಯಿತು.

ಕಾರಣ ಗೊತ್ತಿತ್ತು. ಪೇಟಿಯ ಒಂದೇ ಸ್ವರದೊಳಗೆ ಹಲವು ಸಣ್ಣ ಸ್ವರಗಳಿರುತ್ತವೆ. ಮೂಲಕ್ಕಿಂತ ಎರಡು ಪಟ್ಟು, ಮೂರು ಪಟ್ಟು ಎತ್ತರದಲ್ಲಿ ಲೆಕ್ಕ ತಪ್ಪದೆ ನಿಂತಿರುತ್ತವೆ. ಆ ಲೆಕ್ಕ ಕದಲಿಸಿಯೇ ನಾನು ಕೀಬೋರ್ಡಿನಲ್ಲಿ ಪೇಟಿಯ ದನಿಯನ್ನು ಗಂಟೆ ಮಾಡುವುದು, ತಗಡು ಮಾಡುವುದು. ಅವಳ ಮಷಿನ್ನೂ ಕಿವಿಗೆ ಎಟುಕದ ಎತ್ತರದ ಸ್ವರಗಳನ್ನು ಕೆಳಗೆಳೆದು ಅದೇ ಕಿತಾಪತಿ ಮಾಡುತ್ತಿತ್ತು. ನಾನೇ ಮೊದಲು ಅವನ್ನು ಮೇಲಕ್ಕೆ ಸರಿಸಿಟ್ಟರೆ, ಮಷಿನ್ ಎಳೆದಾಗ ತಮ್ಮ ಜಾಗಕ್ಕೆ ಬಂದು ಕೂರಬೇಕಲ್ಲ?

ಕೂರಲು ಮಳೆಗಾಲವಿಡೀ ಹಿಡಿಯಿತು. ಕಂಪ್ಯೂಟರಿನಲ್ಲಿ ಒಂದೊಂದನ್ನೇ ಸರಿಸುವುದು, ಕೀಬೋರ್ಡಿನಲ್ಲಿ ಸಾ ಹಿಡಿಯುವುದು, ಅವಳ ಮುಖ ನೋಡುವುದು.

"ಹಾಡಿದ್ದ ಹಾಡೋ ಕಿಸಬಾಯಿದಾಸ," ಎಂದು ಅವಳು ನಗುತ್ತಿದ್ದಳು. ನನಗೆ ನಗಲೂ ತ್ರಾಣವಿರುತ್ತಿರಲಿಲ್ಲ. ಇವಳು ಹಾಡದಿದ್ದರೆ ಗಂಟೇನು ಹೋಗುತ್ತದೆ ಎಂದು ಎಷ್ಟೋ ಸಲ ಸಿಟ್ಟೂ ಬಂದಿತ್ತು.

ಒಂದು ಸಂಜೆ ಸಾ ಹಿಡಿದಾಗ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಏನ್ರಿ ಇದು, ಒಡಕ ಕೊಡ ಬಡದಂಗ," ಎಂದು ಕಿವಿ ಮುಚ್ಚಿಕೊಂಡಳು. ಒಳಗೆ ಪಲ್ಯದ ಸೊಪ್ಪು ಸೋಸುತ್ತಿದ್ದ ಹೆಂಡತಿಯ ಕೈ ನಿಂತಿತು.

"ಇದು ಪೇಟಿ ನೋಡ್ರಿ," ಎಂದವಳೇ ಅದಕ್ಕೆ ದನಿ ಕೂಡಿಸಿದಳು. ಮೊದಲ ಸೊಲ್ಲು ನಡುಗಿತು, ಎರಡನೆಯದು ನಿಂತಿತು. ಖುಷಿ ತಡೆಯಲಾಗದೆ ನಾನೂ ಹಿಂದೆ ಹಾಡತೊಡಗಿದೆ. ಅವಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ಪೇಟಿ ಛಲೋ ಆತ್ರಿ. ನಿಮ್ಮ ದನಿ ಯಾವಾಗ ಸರಿ ಮಾಡ್ತೀರಿ? ಮಷಿನ್ ಹಾಕಿದಾಗಿಂದ ಯಾರೋ ಬ್ಯಾರೇದವರು ಮಾತಾಡಿದಂಗ ಆಗ್ತೈತಿ."

ಇಷ್ಟು ದಿನ ಅವಳು ಅದನ್ನು ಹೇಳಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಬರೀ ಸಾ ಹಿಡಿದು ಕೂತೆ. ಅವಳು ಒಬ್ಬಳೇ ಹಾಡಿದಳು.