ಕೌದಿಯ ಒಳಪದರ

ಜ್ವರ ಬಂತು, ಗಾಡಿ ಹೂಡಿ ಹಿರಿಯೂರು ಮುಟ್ಟುವಷ್ಟರಲ್ಲಿ ಕೂಸು ಹೋಯಿತು. ನಡೆದದ್ದು ಇಷ್ಟೇ. ಯಾರ ಕಣ್ಣೂ ಬಿದ್ದಿರಲಿಲ್ಲ, ಯಾವ ದೇವರೂ ಮುನಿದಿರಲಿಲ್ಲ.

ಮೊನ್ನೆ ಮೊಮ್ಮಗಳು ಕೌದಿ ಹೊಲಿಯಲು ಕೂತು ದಾರಕ್ಕೆ ಜೇನುಮೇಣ ಸವರಿದಳು. ಆ ವಾಸನೆಗೆ ಇದೆಲ್ಲ ಎದ್ದು ಬಂತು. ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಈ ಹುಚ್ಚು ಅವಳಿಗೆ ನನ್ನಿಂದ ಹತ್ತಿದ್ದು. ನನಗೆ ನಮ್ಮತ್ತೆಯಿಂದ. ಅತ್ತೆಗೆ ಅವಳ ಅತ್ತೆಯಿಂದ... ಅದರಾಚೆಗಿನದು ನನಗೆ ಗೊತ್ತಿಲ್ಲ.

ಆಗ ಎಪ್ಪತ್ತರ ದಶಕ. ಮಾರಿಕಣಿವೆ ಕಾಲುವೆಯ ಕೆಳಗಿನ ಊರು ನಮ್ಮದು. ಹೋದದ್ದು ನನ್ನ ಮೊದಲ ಕೂಸು. ಮಣ್ಣು ಮಾಡಿ ಬಂದ ಮೇಲೆ ಅದರ ಅಂಗಿಯನ್ನು ಸೆರಗಿನೊಳಗೆ ಹಿಡಿದು ಮಲಗಿದವಳು ಏಳಲೇ ಇಲ್ಲ. ಮುದ್ದೆಯ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೀಗೇ ಬಿಟ್ಟರೆ ನಾನೂ ಹೋಗುತ್ತೇನೆ ಅಂತ ಮನೆಯವರೆಲ್ಲ ಹೆದರಿದ್ದರು.

ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ಅಂದಳು, "ಸತ್ತ ಕೂಸಿನ ಬಟ್ಟೆ ಮನ್ಯಾಗಿಟ್ಕಂಡ್ರೆ ಮುಂದಿಂದೂ ಉಳಿಯಲ್ಲ. ಕಾಲುವೆಗೆ ಎಸೀರಿ ಅದನ್ನ."

"ನಿಮ್ಮನೆ ಸಾರು ಉಕ್ಕತೈತೆ, ಹೋಗಿ ನೋಡ್ಕಳ್ರಿ," ಅಂದಳು ಅತ್ತೆ.

ಅವತ್ತು ಮಧ್ಯಾಹ್ನ ಗಂಡಸರು ಹೊಲಕ್ಕೆ ಹೋದ ಮೇಲೆ ಅತ್ತೆ ತನ್ನ ಕೌದಿ ತಂದು ನನ್ನ ಮುಂದೆ ಹಾಸಿದಳು. ಅದನ್ನು ಒಗೆಯಲಿಕ್ಕೂ ಯಾರ ಕೈಗೂ ಕೊಡುತ್ತಿರಲಿಲ್ಲ. ಜಿಪುಣಿ ಅಂದುಕೊಂಡಿದ್ದೆ. ಸೂಜಿಯ ಮೊನೆಯಿಂದ ಒಂದು ಮೂಲೆಯ ಹೊಲಿಗೆ ಬಿಚ್ಚಿ, ಪದರ ಎತ್ತಿದಳು. ಒಳಗೊಂದು ಪುಟ್ಟ ಕುಲಾವಿ. ಬಣ್ಣವೆಲ್ಲ ಹೋಗಿತ್ತು.

"ಇದು ನಿನ್ನ ಗಂಡಗಿಂತ ಮೊದಲ್ನೇದು." ಇನ್ನಷ್ಟು ಬಿಚ್ಚಿದಳು. ಒಂದು ಅಂಗಿ. "ಇದು ಅವನ ಬೆನ್ನಿಗೆ ಬಂದೋಳ್ದು." ಅದರ ಪಕ್ಕ ಅಂಗೈಯಗಲದ ಇನ್ನೊಂದು ಬಟ್ಟೆ ಇತ್ತು... ಅದರ ಬಗ್ಗೆ ಏನೂ ಹೇಳಲಿಲ್ಲ.

"ಮಾವಗೆ ಗೊತ್ತೇನತ್ತೆ?"

"ಗಂಡಸ್ರಿಗೆ ಬೆಚ್ಚಗಾದ್ರೆ ಸಾಕು. ಒಳಗೇನೈತೆ ಅಂತ ಯಾವನು ಕೇಳ್ತಾನೆ?"

ಇಷ್ಟು ವರ್ಷ ಇವರನ್ನೆಲ್ಲ ಹೊದ್ದು ಮಲಗಿ, ಬೆಳಿಗ್ಗೆ ಎದ್ದು ನಮ್ಮನ್ನು ಬೈಯುತ್ತಾ ಸಗಣಿ ಬಾಚಿದ್ದಳು! ದುರ್ಗದ ಕೋಟೆಯನ್ನು ಮೊದಲ ಸಲ ನೋಡಿದಾಗಲೂ ನಾನು ಹಾಗೆ ಬಾಯಿ ಬಿಟ್ಟು ನಿಂತಿರಲಿಲ್ಲ.

"ತಗಾ, ಹೊಲಿ," ಅಂತ ಸೂಜಿ ಕೊಟ್ಟಳು. "ಎಸಿಯೋದೂ ಬ್ಯಾಡ, ಎದಿಗಿಟ್ಕಂಡು ಸಾಯೋದೂ ಬ್ಯಾಡ."

ಹಳೇ ಸೀರೆಗಳ ಪದರ ಹಾಸಿ, ನಡುವೆ ಅಂಗಿ ಇಟ್ಟೆ. ಆ ಬದಿಯಿಂದ ಅವಳು, ಈ ಬದಿಯಿಂದ ನಾನು. ಸೂಜಿ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಬೆರಳು ನೋಯುತ್ತಾ ಹೋದ ಹಾಗೆ ಎದೆಯ ನೋವು ಸ್ವಲ್ಪ ಜಾಗ ಬಿಟ್ಟಿತು. ಸಂಜೆ ಹೊಟ್ಟೆ ಹಸಿಯಿತು. ಉಂಡೆ.

ಆ ಕೌದಿ ಹೊದ್ದುಕೊಂಡೇ ಮುಂದೆ ಇಬ್ಬರನ್ನು ಹೆತ್ತೆ. ಇಬ್ಬರೂ ಉಳಿದರು. ಪಕ್ಕದ ಮನೆಯಾಕೆ ಆಮೇಲೆ ಆ ಮಾತು ಎತ್ತಲಿಲ್ಲ.

ಅತ್ತೆ ಹೋದಾಗ ಅವಳ ಕೌದಿಯನ್ನೇ ಸುತ್ತಿ ಮಣ್ಣು ಮಾಡಿಸಿದೆ. ಹಳೇದ್ಯಾಕೆ, ಹೊಸ ಬಟ್ಟೆ ಹೊದಿಸಿ ಅಂದರು ಜನ. ನಾನು ಕೇಳಲಿಲ್ಲ. ಆ ಗುಣಿಗೆ ಅವಳ ಜೊತೆ ಯಾರ್ಯಾರು ಇಳಿದರು ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಆ ಮೂರನೆಯ ಬಟ್ಟೆ ಯಾರದು ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ... ಹೇಳುವವಳು ಈಗಿಲ್ಲ. ಅವಳ ವಯಸ್ಸನ್ನು ದಾಟಿ ಕೂತಿದ್ದೇನೆ, ಅಂಥ ಗಟ್ಟಿ ಹೆಂಗಸನ್ನು ಇನ್ನೊಬ್ಬಳನ್ನು ಕಂಡಿಲ್ಲ.

ಅತ್ತೆಯನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ, ಯಾರೂ ಏಳುವ ಮೊದಲೇ, ಅವಳ ಸೀರೆಗಳನ್ನು ಹರಿದು ಪದರ ಹಾಸಲು ಕೂತೆ.